ಕತ್ತರಿಯ ಮಡಿಲಲ್ಲಿ ಕೂಸು

ಚಹಾ ವಿರಾಮಕ್ಕೆಂದು ಸಭಾಂಗಣದಿಂದ ಹೊರಗೆ ಬಂದ ಯುವ ಭೂವಿಜ್ಞಾನಿ ಬಾಗಿಲಲ್ಲೇ ಹೌಹಾರಿ ನಿಂತಳು. ವರಾಂಡದ ಕೊನೆಯ ಬೆಂಚಿನಲ್ಲಿ ಅವಳ ಏಳು ತಿಂಗಳ ಕೂಸು ಬಾಯಿ ತೆರೆದುಕೊಂಡು ಸುಖವಾಗಿ ನಿದ್ದೆ ಮಾಡುತ್ತಿತ್ತು. ಮಲಗಿದ್ದದ್ದು ಅಜ್ಜಿಯ ಮಡಿಲಲ್ಲಲ್ಲ, ಕತ್ತರಿಯ ಮಡಿಲಲ್ಲಿ.

ಕತ್ತರಿ ಎಂದರೆ ಹಿರಿಯ ಪ್ರೊಫೆಸರು. ಕಿರಿಯರ ಪ್ರಬಂಧಗಳು ಅವರ ಕೈಗೆ ಹೋದರೆ ಅರ್ಧಕ್ಕರ್ಧ ಉದುರಿಯೇ ವಾಪಸು ಬರುತ್ತಿದ್ದವು. ಅದಕ್ಕೇ ಬೆನ್ನ ಹಿಂದೆ ಆ ಹೆಸರು. ಅವಳು ಸಮ್ಮೇಳನಕ್ಕೆ ಬಂದದ್ದೇ ಅವರನ್ನು ಮಾತಾಡಿಸಲು. ಮುಂದಿನ ತಿಂಗಳು ಅವಳ ಕೆಲಸದ ಅವಧಿ ಮುಗಿಯುತ್ತಿತ್ತು. ಯಾವುದಾದರೂ ದೊಡ್ಡ ಪ್ರಯೋಗಾಲಯ ಕೈಹಿಡಿಯದಿದ್ದರೆ, ಗುಡ್ಡ ಕುಸಿತದ ಅಧ್ಯಯನಕ್ಕೆಂದು ಅವಳು ಗುಡ್ಡದಲ್ಲಿ ಹೂತಿಟ್ಟ ಉಪಕರಣಗಳನ್ನೆಲ್ಲ ಮಳೆಗಾಲಕ್ಕೆ ಮುಂಚೆಯೇ ಕಿತ್ತು ತರಬೇಕಿತ್ತು. ಬೆಳಿಗ್ಗೆ ಕಿರಿಯರಿಗೆಂದು ನಡೆದ ತರಬೇತಿಯಲ್ಲಿ ಹೇಳಿಕೊಟ್ಟಿದ್ದರು: ನಗುಮುಖದಿಂದ ಹೋಗಿ, ಕೈಕುಲುಕಿ, ಕಾರ್ಡ್ ಕೊಡಿ, ಅರ್ಧ ನಿಮಿಷದಲ್ಲಿ ನಿಮ್ಮ ಕೆಲಸವನ್ನು ಹೇಳಿ ಮುಗಿಸಿ. ಆ ಅರ್ಧ ನಿಮಿಷವನ್ನು ಅವಳು ಉರು ಹೊಡೆದು ಇಟ್ಟುಕೊಂಡಿದ್ದಳು. ಆದರೆ ಅವರ ಹತ್ತಿರ ಹೋದಾಗಲೆಲ್ಲ ಕಾಲುಗಳು ತಾವಾಗಿಯೇ ಬಿಸ್ಕತ್ತಿನ ತಟ್ಟೆಯ ಕಡೆ ತಿರುಗಿಬಿಡುತ್ತಿದ್ದವು.

ಮಗುವನ್ನು ನೋಡಿಕೊಳ್ಳಲೆಂದು ಜೊತೆಗೆ ಬಂದಿದ್ದ ಅತ್ತೆ, ಏನೂ ಆಗಿಲ್ಲವೆಂಬಂತೆ ಪಕ್ಕದಲ್ಲಿ ಕೂತು ಹಾಲಿನ ಬಾಟಲಿ ಒರೆಸುತ್ತಿದ್ದರು.

"ಅತ್ತೆ, ಇದೇನಿದು?"

"ಬಾಟಲಿ ತೊಳೆಯೋಕೆ ಹೋಗಬೇಕಿತ್ತು. ಈ ಅಣ್ಣ ಸುಮ್ಮನೆ ಕೂತಿದ್ರು. ಸ್ವಲ್ಪ ಹಿಡ್ಕೊಳ್ಳಿ ಅಂದೆ, ಹಿಡ್ಕೊಂಡ್ರು. ಪಾಪ, ಮೊಣಕಾಲು ನೋವಂತೆ, ಒಳಗಿನ ಕುರ್ಚಿ ಆಗಿಬರಲ್ವಂತೆ. ಮೊಮ್ಮಗನ್ನ ನೋಡಿ ಎರಡು ವರ್ಷ ಆಯ್ತಂತೆ. ಬಾ, ಕೂತ್ಕೋ."

ಸೊಸೆ ನಗುಮುಖ ತಂದುಕೊಂಡು ಕೈ ಚಾಚಿದಳು. ಕುಲುಕಲು ಅವರ ಕೈಯೇ ಖಾಲಿ ಇರಲಿಲ್ಲ. ಒಂದು ಕೈ ಮಗುವಿನ ತಲೆಯಡಿಗಿತ್ತು, ಇನ್ನೊಂದರ ಕಿರುಬೆರಳನ್ನು ಅದು ಬಿಗಿಯಾಗಿ ಹಿಡಿದುಕೊಂಡಿತ್ತು.

"ಶ್! ಈಗ ತಾನೇ ನಿದ್ದೆ ಹತ್ತಿದೆ," ಎಂದರು ಕತ್ತರಿ ಪಿಸುದನಿಯಲ್ಲಿ. "ನಿಮ್ಮತ್ತೆ ಎಲ್ಲಾ ಹೇಳಿದ್ರು. ಕಿರಿಯರ ಪ್ರಬಂಧನೆಲ್ಲ ಅರ್ಧಕ್ಕರ್ಧ ಕತ್ತರಿಸಿ ಹಾಕೋ ಪ್ರೊಫೆಸರು, ಕತ್ತರಿ ಅಂತ ಯಾರೋ ಒಬ್ಬರಿದ್ದಾರಂತೆ, ಅವರನ್ನ ಕಂಡ್ರೆ ನಿಮಗೆ ಗಡಗಡ ನಡುಕವಂತೆ. ನನಗೆ ಹಾಗೊಂದು ಹೆಸರಿದೆ ಅಂತ ಗೊತ್ತಾಗಿದ್ದೇ ಇವತ್ತು."

ಸೊಸೆಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಅತ್ತೆ ಬಾಟಲಿ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ, "ಅಯ್ಯೋ, ನೀವೇನಾ ಅದು?" ಎಂದರು.

"ನಾನೇ. ಹೋಗ್ಲಿ ಬಿಡಿ. ಆ ಗುಡ್ಡದ ಕಥೆ ಹೇಳಿ, ಮೆಲ್ಲಗೆ."

ಉರು ಹೊಡೆದದ್ದೆಲ್ಲ ತಲೆಯಿಂದ ಹಾರಿಹೋಗಿತ್ತು. ಅವಳು ಬೆಂಚಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಬಾಯಿಗೆ ಬಂದಂತೆ ಪಿಸುಗುಟ್ಟತೊಡಗಿದಳು. ಗುಡ್ಡ ಇದ್ದಕ್ಕಿದ್ದಂತೆ ಜಾರುವುದಿಲ್ಲ, ಎಷ್ಟೋ ದಿನ ಮೊದಲೇ ಒಳಗೊಳಗೆ ಕಲ್ಲು ಮಣ್ಣು ತಿಕ್ಕಾಡಿ ಸಣ್ಣ ಸದ್ದು ಮಾಡುತ್ತದೆ. ನಮ್ಮ ಕಿವಿಗೆ ಕೇಳದ್ದು ಉಪಕರಣಕ್ಕೆ ಕೇಳುತ್ತದೆ. ಕಳೆದ ಮಳೆಗಾಲದಲ್ಲಿ ಆ ಸದ್ದು ದಿನದಿನಕ್ಕೆ ಏರುತ್ತ ಹೋಗಿ, ಒಂದು ಮಧ್ಯಾಹ್ನ ಗುಡ್ಡದ ಒಂದು ಮಗ್ಗುಲೇ ಕಳಚಿ ಬಿದ್ದಿತ್ತು. ಅದೃಷ್ಟಕ್ಕೆ ಅದು ಮನೆಗಳಿಲ್ಲದ ಮಗ್ಗುಲು. ಈ ಸಲ ಸದ್ದು ಶುರುವಾಗಿರುವುದು ಇನ್ನೊಂದು ಮಗ್ಗುಲಲ್ಲಿ, ಅದರ ಬುಡದಲ್ಲೇ ಒಂದು ಸಾಲು ಮನೆಗಳು.

ಕತ್ತರಿ ಮುಂದಕ್ಕೆ ಬಾಗಿ ಕೇಳುತ್ತಿದ್ದರು. ಚಹಾ ಹಿಡಿದು ಅತ್ತ ಬಂದವರು, ಇವರೇ ಇಷ್ಟು ಕಿವಿಗೊಟ್ಟು ಕೇಳುವಂಥದ್ದೇನೆಂದು ನಿಂತರು. ನಿಂತರೆ ಕೇಳಿಸಲಿಲ್ಲ, ಹತ್ತಿರ ಬಂದರು. ಹತ್ತಿರ ಬಂದರೂ ಕೇಳಿಸಲಿಲ್ಲ, ಕೂತರು. ಬೆಳಗಿನಿಂದ ಮೈಕಿನ ಮುಂದೆ ತೂಕಡಿಸಿದ್ದವರೆಲ್ಲ ಈಗ ಕಪ್ಪುಗಳನ್ನು ನೆಲಕ್ಕಿಟ್ಟು ಕತ್ತು ಚಾಚಿಕೊಂಡಿದ್ದರು.

ಅವಳು ಉಸಿರು ತೆಗೆದುಕೊಳ್ಳಲು ನಿಂತಾಗ ಅತ್ತೆ ಕೇಳಿದರು. "ಆ ಮನೆಯೋರಿಗೆ ಇದೆಲ್ಲ ಗೊತ್ತೇನಮ್ಮಾ?"

"ಕಚೇರಿಗೆ ವರದಿ ಕಳಿಸಿದ್ದೀನಿ ಅತ್ತೆ."

"ಗುಡ್ಡ ಬೀಳೋದು ಕಚೇರಿ ಮೇಲಾ?"

ಕತ್ತರಿ ಗಹಗಹಿಸಿ ನಕ್ಕುಬಿಟ್ಟರು. ಕೂಸು ಬೆಚ್ಚಿ ಎದ್ದು ವರಾಂಡ ಕಿತ್ತುಹೋಗುವಂತೆ ಅಳತೊಡಗಿತು. ಕೂತವರೆಲ್ಲ ನಗುತ್ತ, ತಣ್ಣಗಾದ ಚಹಾ ಎತ್ತಿಕೊಂಡು ಎದ್ದರು. ಅವಳು ಮಗುವನ್ನು ಭುಜಕ್ಕೆ ಹಾಕಿಕೊಂಡು ತಟ್ಟಿ ಸಮಾಧಾನ ಮಾಡುವಷ್ಟರಲ್ಲಿ, ಕತ್ತರಿ ಮೊಣಕಾಲು ನೀವಿಕೊಳ್ಳುತ್ತ ಎದ್ದು ನಿಂತಿದ್ದರು.

"ಉಪಕರಣ ಕೀಳಬೇಡಿ. ಸೋಮವಾರ ನಮ್ಮಲ್ಲಿಗೆ ಬನ್ನಿ, ಈ ಮಳೆಗಾಲದ ಖರ್ಚು ನಾವು ನೋಡ್ಕೊಳ್ತೀವಿ. ಆದ್ರೆ ಒಂದು ಷರತ್ತು. ಮಳೆಗೆ ಮೊದಲು ಆ ಮನೆಗಳಿಗೆ ನಾವಿಬ್ಬರೂ ಹೋಗಿ ಹೇಳಿ ಬರಬೇಕು."

ಅರಳಿದ್ದ ಅವಳ ಮುಖ ಮತ್ತೆ ಬಾಡಿತು. "ಗುರುತಿಲ್ಲದವರ ಬಾಗಿಲು ತಟ್ಟಿ, ನಿಮ್ಮ ಮನೆ ಮೇಲೆ ಗುಡ್ಡ ಬೀಳಬಹುದು ಅಂತ ಹೇಗೆ ಸರ್ ಮಾತು ಶುರು ಮಾಡೋದು?"

ಕತ್ತರಿ ಗಡ್ಡ ಕೆರೆದುಕೊಂಡರು. "ನಿಜ ಹೇಳ್ಲಾ? ಅದು ನನಗೂ ಗೊತ್ತಿಲ್ಲ."

ಇಬ್ಬರೂ ಅತ್ತೆಯ ಕಡೆ ನೋಡಿದರು.

"ಅದಕ್ಕೆ ಇಷ್ಟು ಯೋಚನೆಯಾ?" ಎಂದರು ಅತ್ತೆ. "ಕುಡಿಯೋಕೆ ಒಂದು ಲೋಟ ನೀರು ಕೇಳಿ. ನೀರು ಕೊಟ್ಟು, ಎಲ್ಲಿಂದ ಬಂದ್ರಿ ಅಂತ ಕೇಳದೇ ಬಾಗಿಲು ಹಾಕ್ಕೊಂಡೋರನ್ನ ನಾನಂತೂ ಕಂಡಿಲ್ಲ."