ಬಿಗಿಯಾದ ಸ್ಟಿಯರಿಂಗ್

ನಾನು ನಡೆಸುವ ಡ್ರೈವಿಂಗ್ ಸ್ಕೂಲಿಗೆ ಇರುವುದು ಒಂದೇ ಹಳೆಯ ಕಾರು. ಅದರ ಸ್ಟಿಯರಿಂಗ್ ಎಷ್ಟು ಸಡಿಲವಾಗಿತ್ತೆಂದರೆ, ಅರ್ಧ ಸುತ್ತು ತಿರುಗಿಸಿದ ಮೇಲಷ್ಟೇ ಚಕ್ರ ಹೊರಳುತ್ತಿತ್ತು. ಸುಗುಣಾ ಕಲಿತದ್ದು ಅದರಲ್ಲೇ. ಲೈಸೆನ್ಸ್ ಸಿಕ್ಕರೆ ಅವಳಿಗೆ ಶಾಲಾ ವ್ಯಾನ್ ಓಡಿಸುವ ಕೆಲಸ ಕಾದಿತ್ತು.

ಪರೀಕ್ಷೆಯ ಹಿಂದಿನ ದಿನ ನನ್ನೊಳಗಿನ ಮಹಾಗುರು ಎಚ್ಚರಗೊಂಡ. ಪಾಪ, ಹುಡುಗಿ ಒದ್ದಾಡಬಾರದು ಎಂದು ಸ್ಟಿಯರಿಂಗಿನ ಕೆಳಗೆ ತಲೆ ತೂರಿಸಿ, ಸ್ಪ್ಯಾನರ್ ಹಿಡಿದು ಬೋಲ್ಟುಗಳನ್ನೆಲ್ಲ ನಾನೇ ಬಿಗಿ ಮಾಡಿದೆ. ಹೆಂಡತಿಯನ್ನು ಕರೆದು ತೋರಿಸಿದೆ.

"ಹೊಸ ಕಾರೇ ಆಗೋಯ್ತಲ್ರೀ!" ಎಂದಳು. ನಾನು ಉಬ್ಬಿಹೋದೆ. ಸುಗುಣಾಗೆ ಮಾತ್ರ ಹೇಳಲಿಲ್ಲ. ಓಡಿಸುವಾಗ ತಾನೇ ತಿಳಿದು ಖುಷಿಪಡಲಿ ಎಂದುಕೊಂಡೆ.

ಮರುದಿನ ಪರೀಕ್ಷೆಯ ಮೈದಾನದಲ್ಲಿ ಸುಗುಣಾ ಕಾರು ಹತ್ತಿ ಕೂತಳು.

"ಭಯ ಆಗ್ತಿದೆ ಸಾರ್."

"ದಿನಾ ಓಡಿಸೋ ಹಾಗೇ ಓಡಿಸಮ್ಮ," ಎಂದೆ.

ಹಾಗೇ ಓಡಿಸಿದಳು. ಮೊದಲ ತಿರುವಿನಲ್ಲೇ ಕಾರು ಗಕ್ಕನೆ ಹೊರಳಿ, ನೆಟ್ಟಿದ್ದ ಕಂಬಗಳನ್ನು ಉರುಳಿಸಿ, ಪರೀಕ್ಷೆ ನಡೆಸುತ್ತಿದ್ದ ಇನ್ಸ್‌ಪೆಕ್ಟರರ ಮೇಜಿಗೆ ತಾಗಿ ನಿಂತಿತು.

"ಫೇಲ್," ಎಂದರು ಅವರು, ಚೆಲ್ಲಿದ ಟೀ ಒರೆಸಿಕೊಳ್ಳುತ್ತ.

ನಾನು ಓಡಿಹೋದೆ. ಸುಗುಣಾ ಅಳುತ್ತಲೇ ಕಾರಿನಿಂದಿಳಿದಳು.

"ನಿನ್ನೆ ತನಕ ಚೆನ್ನಾಗಿತ್ತು ಸಾರ್. ಯಾವನೋ ತಲೆಕೆಟ್ಟೋನು ಸ್ಟಿಯರಿಂಗ್ ಹಾಳು ಮಾಡಿಬಿಟ್ಟಿದಾನೆ!"