ಹದಿನೆಂಟನೆಯ ಕಂತು

“ಇಲ್ಲಿರುವುದು ನಿಜವಾದ ಭಯವಲ್ಲ. ಭಯದ ಜೊತೆ ಆಡಿದ ಆಟ,” ಎಂದ ಪ್ರಾಧ್ಯಾಪಕರು ಕಪ್ಪು ಹಲಗೆಯ ಮೇಲೆ ‘ಆಟ’ ಎಂದು ಬರೆದು, ಕೆಳಗೆ ಎರಡು ಗೆರೆ ಎಳೆದರು. ಕಾಲೇಜಿನ ಸಭಾಂಗಣದಲ್ಲಿದ್ದ ಅರವತ್ತು ವಿದ್ಯಾರ್ಥಿಗಳೂ ಅದನ್ನು ಗೆರೆಸಮೇತ ಬರೆದುಕೊಂಡರು. ನಲವತ್ತು ವರ್ಷದ ಹಿಂದೆ ವಾರಪತ್ರಿಕೆಯೊಂದರಲ್ಲಿ ಧಾರಾವಾಹಿಯಾಗಿ ಬಂದಿದ್ದ ದೆವ್ವದ ಕಾದಂಬರಿ ಅಂದಿನ ವಿಷಯ. ಲೇಖಕರು ತೀರಿಕೊಂಡು ಬಹಳ ಕಾಲವಾಗಿತ್ತು. ಅವರ ಹೆಂಡತಿ ಮೊದಲ ಸಾಲಿನಲ್ಲಿ, ಊರುಗೋಲನ್ನು ಮಂಡಿಗೆ ಒರಗಿಸಿಕೊಂಡು ಕುಳಿತಿದ್ದರು.

“ಹದಿನೇಳು ಕಂತಿನವರೆಗೆ ಎಲ್ಲ ದೆವ್ವದ ಕಥೆಗಳ ಹಾಗೇ. ಪಾಳು ಬಂಗಲೆ, ಕಿರುಗುಟ್ಟುವ ಬಾಗಿಲು, ತಾನಾಗಿ ಆರುವ ದೀಪ. ಹದಿನೆಂಟನೆಯದರಲ್ಲಿ ನೋಡಿ! ದೆವ್ವ ಬಂಗಲೆ ಬಿಟ್ಟು ಬೀದಿಗೆ ಬರುತ್ತೆ. ‘ನನ್ನನ್ನ ಬರೀತಿರೋರು ಯಾರು?’ ಅಂತ ಕಂಡಕಂಡ ಬಾಗಿಲು ತಟ್ಟುತ್ತೆ. ಪಾಳು ಬಂಗಲೆಯ ಹಳೇ ಗಾಥಿಕ್ ಕಥೆ ಅಲ್ಲಿಗೆ ಮುಗೀತು, ತನ್ನನ್ನೇ ಪ್ರಶ್ನೆ ಮಾಡ್ಕೊಳ್ಳೋ ಆಧುನಿಕೋತ್ತರ ಕಥೆ ಶುರುವಾಯ್ತು. ನಮ್ಮನ್ನ ನಡುಗಿಸಿದ ಲೇಖಕರು ಮಾತ್ರ ತಣ್ಣಗೆ ಕೂತು ದಾಳ ಉರುಳಿಸಿದ್ದಾರೆ.”

“ತಣ್ಣಗೇನಲ್ಲ ಸರ್. ಹೆದರಿಕೆ ನಿಜವಾದದ್ದೇ.”

ಎಲ್ಲರೂ ತಿರುಗಿ ನೋಡಿದರು. ಕೊನೆಯ ಬೆಂಚಿನ ಮುದುಕಿಯೊಬ್ಬರು ಎದ್ದು ನಿಂತಿದ್ದರು. ಎದ್ದದ್ದು ಯಾಕೆಂದು ಅವರಿಗೇ ತಿಳಿದಂತಿರಲಿಲ್ಲ. ಪತ್ರಿಕೆಯಲ್ಲಿ ಉಪನ್ಯಾಸದ ಸುದ್ದಿ ಓದಿ, ಎರಡು ಬಸ್ಸು ಬದಲಿಸಿ, ಸುಮ್ಮನೆ ಕೇಳಿಕೊಂಡು ಹೋಗೋಣವೆಂದು ಬಂದಿದ್ದ ಟೈಪಿಸ್ಟ್ ಆಕೆ. ಆ ಲೇಖಕರ ಕೈಬರಹವನ್ನು ಹನ್ನೊಂದು ವರ್ಷ ಟೈಪು ಮಾಡಿದವರು.

ಪ್ರಾಧ್ಯಾಪಕರು ಒಳ್ಳೆಯವರೇ. ನಕ್ಕು ಕೇಳಿದರು, “ಓದುವಾಗ ಅಷ್ಟು ಹೆದರಿಕೆ ಆಗಿತ್ತೇನಮ್ಮ?”

“ನಾನು ಅವರ ಟೈಪಿಸ್ಟ್ ಆಗಿದ್ದೆ ಸರ್. ಓದುವಾಗ ಅಲ್ಲ. ಬರೆಯುವಾಗ.”

ಆಕೆ ನಲವತ್ತು ವರ್ಷ ಹೊಟ್ಟೆಯಲ್ಲಿಟ್ಟುಕೊಂಡದ್ದು ಬಾಯಿ ಜಾರಿತ್ತು. ಹುಡುಗರ ನಡುವೆ ಕಿಸಕ್ಕನೆ ನಗು ಎದ್ದಿತು. “ಟೈಪ್ ಮಾಡುವಾಗ ಅಂತಿರಬೇಕು,” ಎಂದ ಯಾರೋ ಒಬ್ಬ. ಪ್ರಾಧ್ಯಾಪಕರು ಮೊದಲ ಸಾಲಿನತ್ತ ನೋಡಿದರು. ಟೈಪಿಸ್ಟ್ ಕೂಡ ಅಲ್ಲಿಗೇ ನೋಡುತ್ತ, “ಅಮ್ಮಾ, ತಪ್ಪಾಯ್ತು. ನಿಮಗೆ ಮಾತು ಕೊಟ್ಟಿದ್ದೆ...” ಎಂದರು.

ಲೇಖಕರ ಹೆಂಡತಿ ಊರುಗೋಲು ಊರಿ ಎದ್ದರು. ಅವರು ಸಭೆಯ ಕಡೆಗೆ ತಿರುಗುವಷ್ಟರಲ್ಲಿ ನಗು ತಾನಾಗಿ ಅಡಗಿತ್ತು.

“ತಪ್ಪು ನಿಂದಲ್ಲಮ್ಮ, ನಂದು,” ಎಂದರು. “ಹದಿನೇಳನೇ ಕಂತು ಕಳಿಸಿದ ಮಾರನೇ ದಿನವೇ ಇವರಿಗೆ ಪಾರ್ಶ್ವವಾಯು ಬಡೀತು. ಬಲಗೈ ಬಿದ್ದುಹೋಯ್ತು, ಮಾತು ತೊದಲು. ಧಾರಾವಾಹಿ ನಿಂತರೆ ಇವರ ಕಥೆ ಮುಗೀತು ಅಂತ ಊರೆಲ್ಲ ಆಡಿಕೊಳ್ತದೆ ಅನ್ನೋ ಭಯ ನನಗೆ. ಹೇಗಾದ್ರೂ ಮುಂದುವರಿಸು ಅಂತ ಇವಳ ಕೈ ಹಿಡಕೊಂಡೆ. ಪ್ರತಿ ವಾರ ಬರೆದು ತಂದು, ಮಂಚದ ಪಕ್ಕ ಕೂತು ಓದಿ ಹೇಳ್ತಿದ್ದಳು. ಇವರು ಗೋಡೆ ಕಡೆ ಮುಖ ಮಾಡಿ ಮಲಗಿರೋರು. ಹದಿನೆಂಟನೇ ಕಂತು ಕೇಳಿದ ದಿನ ಮಾತ್ರ ಈ ಕಡೆ ಹೊರಳಿದರು. ಇವಳು ಹೋದ ಮೇಲೆ ಎಡಗೈಲಿ ನನ್ನ ತೋಳು ಹಿಡಿದು, ತೊದಲುತ್ತಾ ಅಂದ್ರು, ‘ಮುಂದೇನಾಗುತ್ತೆ ಅಂತ ಅವಳನ್ನ ಕೇಳು.’”

ಆಕೆ ಪ್ರಾಧ್ಯಾಪಕರ ಕಡೆಗೆ ತಿರುಗಿದರು.

“ಪುಸ್ತಕ ಆದಾಗ ಇವಳ ಹೆಸರೂ ಹಾಕಿಸು ಅಂದ್ರು. ಹಾಕಿಸಲಿಲ್ಲ ನಾನು. ಇವರು ಹೋದ ಮೇಲೆ ಇವಳ ಬಾಯಿಗೂ ಬೀಗ ಹಾಕಿದೆ. ಇವತ್ತು ನೀವು ಆ ಕಂತನ್ನ ಹೊಗಳ್ತಾ ಇದ್ರಿ, ನಾನು ತಲೆ ಬಗ್ಗಿಸಿ ಕೂತಿದ್ದೆ.”

ಕೊನೆಯ ಬೆಂಚಿನಿಂದ ವೇದಿಕೆಯವರೆಗೆ ಇಪ್ಪತ್ತು ಹೆಜ್ಜೆಯೂ ಇರಲಿಲ್ಲ. ಪ್ರಾಧ್ಯಾಪಕರು ತಾವೇ ಇಳಿದು ಬಂದು ಕೈ ಮುಗಿದು, “ಬನ್ನಿ ಅಮ್ಮ, ಇನ್ನು ನೀವು ಹೇಳಿ,” ಎಂದರು. ಮೊದಲ ನಾಲ್ಕು ಹೆಜ್ಜೆ ಟೈಪಿಸ್ಟ್‌ಗೆ ಕಾಲು ನೆಲಕ್ಕೆ ತಾಕಿದ್ದು ತಿಳಿಯಲಿಲ್ಲ. ಐದನೆಯದಕ್ಕೆ ಬೆನ್ನು ನೆಟ್ಟಗಾಯಿತು. ಮೊದಲ ಸಾಲಿಗೆ ಬಂದಾಗ ಲೇಖಕರ ಹೆಂಡತಿ ಊರುಗೋಲನ್ನು ಪಕ್ಕಕ್ಕೆಳೆದು ದಾರಿ ಬಿಟ್ಟರು. ಒಬ್ಬರ ಕೈಯನ್ನೊಬ್ಬರು ಒಮ್ಮೆ ಒತ್ತಿಕೊಂಡರು, ಅಷ್ಟೆ. ಮೈಕಿನ ಮುಂದೆ ನಿಂತ ಆಕೆಗೆ, ಈ ಅರವತ್ತು ಮುಖಗಳೂ ತನ್ನ ದೆವ್ವವನ್ನು ಬಲ್ಲವು ಎಂಬುದು ಆಗಷ್ಟೇ ಹೊಳೆಯಿತು. ತುಟಿಯಂಚಿನಲ್ಲಿ ಬಂದ ನಗುವನ್ನು ಆಕೆ ತಡೆಯಲಿಲ್ಲ.

“ಮೇಡಂ, ದೆವ್ವ ತನ್ನನ್ನ ಬರೆಯೋರನ್ನ ಹುಡುಕ್ಕೊಂಡು ಹೋಗೋ ಹಾಗೆ ಯಾಕೆ ಬರೆದ್ರಿ?” ಕಿಟಕಿಯ ಪಕ್ಕದ ಹುಡುಗಿಯೊಬ್ಬಳು ಕೇಳಿದಳು.

“ಇನ್ನೇನು ಮಾಡ್ಲಿ ಮಗಳೇ? ಬರೆಯೋರು ಹಾಸಿಗೆ ಹಿಡಿದಿದ್ದಾರೆ. ಆ ಬಂಗಲೇಲಿ ಉಳಿದಿದ್ದು ನಾನು, ಅದು, ಇಬ್ಬರೇ. ಮುಂದಿನ ವಾರ ಏನಾಗಬೇಕು ಅಂತ ಅದಕ್ಕೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ನಡುಗ್ತಾ ಕೂತಿದ್ದೆ. ಆ ನಡುಕಾನೇ ಅದಕ್ಕೆ ಕೊಟ್ಟು, ಹೋಗು, ನೀನೇ ಹುಡುಕು ಅಂತ ಬೀದಿಗೆ ಕಳಿಸಿದೆ.”

ಪ್ರಾಧ್ಯಾಪಕರು ಹುಡುಗರ ನಡುವೆ ಜಾಗ ಮಾಡಿಕೊಂಡು ಕುಳಿತರು. ತಮ್ಮ ಪ್ರಬಂಧದ ಹಾಳೆಗಳನ್ನು ಮಗುಚಿ, ಖಾಲಿ ಹಿಂಬದಿಯಲ್ಲಿ ಆಕೆ ಹೇಳುತ್ತಿದ್ದುದನ್ನು ಬರೆದುಕೊಳ್ಳತೊಡಗಿದರು.