ಎಷ್ಟು ಬೆರಳು?

ಕಾಡಿನ ಗೇಟು ದಾಟುತ್ತಲೇ ಕಾವಲುಗಾರ ಟಾರ್ಚು ಆರಿಸಿಬಿಡಿ ಎಂದಾಗ ಆಕೆ ತನ್ನ ಟಾರ್ಚನ್ನು ಎದೆಗವಚಿಕೊಂಡಳು. ಬೆಳದಿಂಗಳು ಹಾಲು ಚೆಲ್ಲಿದ ಹಾಗಿದೆ, ಟಾರ್ಚು ಬಿಟ್ಟರೆ ಕೆರೆಗೆ ಬಂದ ಜಿಂಕೆಗಳು ಓಡಿಹೋಗುತ್ತವೆ ಎಂದು ಅವನು ಮೆಲ್ಲಗೆ ವಿವರಿಸಿದ. ಕನ್ನಡಕದಂಗಡಿಯ ಯಜಮಾನರಾದ ಆಕೆಯ ಗಂಡ, ಇದೆಲ್ಲ ತಮಗೆ ಗೊತ್ತಿರುವ ವಿಷಯವೇ ಎಂಬಂತೆ ತಲೆಯಾಡಿಸಿ, ಹೆಂಡತಿಯ ಕೈಯಲ್ಲಿದ್ದ ಟಾರ್ಚನ್ನು ಕಿತ್ತು ಜೇಬಿಗೆ ಹಾಕಿಕೊಂಡು ಮುಂದೆ ನಡೆದರು. ಆಕೆಯ ಪಾಲಿಗೆ ಬೆಳದಿಂಗಳು, ಕಾಡು, ಗಂಡ ಎಲ್ಲವೂ ಒಟ್ಟಿಗೆ ಆರಿಹೋದವು.

ಒಂದು ವರ್ಷದಿಂದ ಹೀಗೆ. ಹೊತ್ತು ಮುಳುಗಿದರೆ ಕಣ್ಣಿಗೆ ಕಪ್ಪು ಬಟ್ಟೆ ಕಟ್ಟಿದಂತೆ. ಆಕೆಯ ತಾಯಿಗೂ ಮೊದಲು ಸಂಜೆ ಹೋಯಿತು, ಆಮೇಲೆ ಹಗಲೂ ಹೋಯಿತು. ಕೊನೆಗಾಲದಲ್ಲಿ ಮಗಳ ಮುಖವನ್ನು ತಡವಿ ಗುರುತು ಹಿಡಿದೇ ಆ ಜೀವ ಹೋಗಿತ್ತು. ತನ್ನ ಭಯವನ್ನು ಆಕೆ ಗಂಡನಿಗೆ ಎರಡು ಸಲ ಹೇಳಿದ್ದಳು. ಎರಡು ಸಲವೂ ವಯಸ್ಸಾಯಿತಲ್ಲ ಎಂಬ ಔಷಧ ಸಿಕ್ಕಿತ್ತು. ಆಮೇಲೆ ದೇವರಿಗೆ ಮಾತ್ರ ಹೇಳತೊಡಗಿದಳು. ದೇವರು ನಡುವೆ ಬಾಯಿ ಹಾಕುವುದಿಲ್ಲ.

ಮೂರು ದಿನದ ಈ ಕಾರಿನ ತಿರುಗಾಟಕ್ಕೆ ಆಕೆ ಒಪ್ಪಿದ್ದೇ ಒಂದಾಸೆಯಿಂದ: ಪಕ್ಕದಲ್ಲೇ ಕೂತಿರುತ್ತೇನೆ, ಒಂದು ಸಲವಾದರೂ ಗಮನಿಸಿಯಾರು. ಯಜಮಾನರು ಗಮನಿಸುವುದರಲ್ಲಿ ಏನೂ ಕಡಿಮೆ ಮಾಡಲಿಲ್ಲ. ಪೆಟ್ರೋಲು ಹಾಕುವವನ ಎಡಗಣ್ಣಿಗೆ ಪೊರೆ ಬರುತ್ತಿದೆಯೆಂದು ಕಂಡುಹಿಡಿದರು. ಹೋಟೆಲಿನ ಗಲ್ಲಾದಲ್ಲಿ ಕೂತವನಿಗೆ ಅವನ ಕನ್ನಡಕದ ನಂಬರು ತಪ್ಪಿದೆಯೆಂದು ಹೇಳಿ ಅಂಗಡಿಯ ವಿಳಾಸ ಕೊಟ್ಟರು. ಮುಸ್ಸಂಜೆಯಲ್ಲಿ ಹೆಂಡತಿ ಕೈಮರವನ್ನು ತಪ್ಪು ಓದಿ ದಾರಿ ತಪ್ಪಿದಾಗ ಮಾತ್ರ, ಅಕ್ಷರವೂ ಮರೆತುಹೋಯಿತೇ ಎಂದು ಗೇಲಿ ಮಾಡಿದರು. ಆಕೆ ಬಸಿಯ ಹೊರಗೆ ಚಹಾ ಸುರಿದಾಗ ತಮ್ಮ ಅಂಗಿ ಒರೆಸಿಕೊಂಡರು. ಲೋಕದ ಕಣ್ಣೆಲ್ಲ ಅವರ ಕಣ್ಣಿಗೆ ಬೀಳುತ್ತಿತ್ತು, ಬಗಲಲ್ಲಿದ್ದ ಎರಡು ಬಿಟ್ಟು.

ಈಗಲೂ ಅವರು ಜಿಂಕೆಯ ಕಣ್ಣಿನ ರಚನೆಯನ್ನು ಕಾವಲುಗಾರನಿಗೆ ಪಿಸುದನಿಯಲ್ಲಿ ಪಾಠ ಮಾಡುತ್ತ ನಡೆದಿದ್ದರು. ಆ ದನಿಯ ಜಾಡು ಹಿಡಿದು ಆಕೆ ಹೆಜ್ಜೆ ಇಟ್ಟಳು. ಮದುವೆಯಾದ ಮೂವತ್ತೆರಡು ವರ್ಷದಲ್ಲಿ ಆ ಮಾತು ಉಪಯೋಗಕ್ಕೆ ಬಂದದ್ದು ಅದೇ ಮೊದಲು.

ಕೆರೆಯ ಏರಿಯ ಮೇಲೆ ಮೂವರೂ ನಿಂತರು.

"ಕಾಣ್ತಾ? ಏಳು ಇವೆ," ಎಂದರು ಯಜಮಾನರು.

ಅವರು ತೋರಿಸಿದ್ದಕ್ಕೆಲ್ಲ ಇಷ್ಟು ವರ್ಷ ಆಕೆ ಹೂಂ ಎಂದಿದ್ದಳು. "ಇಲ್ಲ," ಎಂದಳು.

"ಇಲ್ಲ ಅಂದ್ರೆ? ಕೋಡು ಎಣಿಸೋ ಅಷ್ಟು ಬೆಳಕಿದೆ. ಕಣ್ಣು ಬಿಟ್ಟು ನೋಡೇ."

ಕಾವಲುಗಾರ ಕೆಮ್ಮಿ ಗಂಟಲು ಸರಿಮಾಡಿಕೊಂಡ. "ಸ್ವಾಮಿ, ಅಮ್ಮಂಗೆ ರಾತ್ರಿ ಹೊತ್ತು ಕಣ್ಣು ಕಾಣಲ್ಲ. ಗೇಟಿನಿಂದ ಇಲ್ಲೀವರೆಗೂ ಪಾದದಲ್ಲೇ ನೆಲ ತಡವಿಕೊಂಡು ಬಂದಿದಾರೆ. ನಿಮಗೆ ಗೊತ್ತಿಲ್ವಾ?"

ಯಜಮಾನರಿಗೆ ಅವಮಾನವಾಯಿತು. ಹೆಂಡತಿಯ ಕಣ್ಣು ಹೋಗುತ್ತಿದೆಯೆಂದಲ್ಲ, ಅದನ್ನು ಕಾಡು ಕಾಯುವವನೊಬ್ಬ ಮೊದಲು ಹೇಳಿದನೆಂದು. ನಾನು ಪರೀಕ್ಷೆ ಮಾಡದೆ ಯಾರೂ ತೀರ್ಮಾನ ಮಾಡುವ ಹಾಗಿಲ್ಲ ಎಂದು ಗದರಿ, ಅಂಗಡಿಯಲ್ಲಿ ಮಾಡುವಂತೆ ಅಡಿ ಲೆಕ್ಕಹಾಕಿ ಹಿಂದೆ ಸರಿದು, ಬಲಗೈ ಮೇಲೆತ್ತಿದರು.

"ಎಷ್ಟು ಬೆರಳು?"

ಆ ದನಿಗೆ ಕೆರೆಯ ಕಡೆಯಿಂದ ಗೊರಸಿನ ಸದ್ದು ದಡಬಡಿಸಿ ದೂರವಾಯಿತು.

"ನೀವೇ ಕಾಣ್ತಿಲ್ಲ ನನಗೆ," ಎಂದಳು ಆಕೆ. "ಬೆರಳು ಎಲ್ಲಿಂದ ಎಣಿಸಲಿ?"

"ಅಂದಾಜಿಗೆ ಹೇಳು, ಪರವಾಗಿಲ್ಲ."

ಕಾವಲುಗಾರ ಆಕೆಯ ಬಳಿಗೆ ಬಂದ. ತನ್ನ ಕೋಲಿನ ಒಂದು ತುದಿಯನ್ನು ಆಕೆಯ ಅಂಗೈಗೆ ತಾಗಿಸಿದ. ಆಕೆ ಬಿಗಿಯಾಗಿ ಹಿಡಿದುಕೊಂಡಳು. ಇಬ್ಬರೂ ಮೆಲ್ಲನೆ ಏರಿಯಿಂದ ಇಳಿಯತೊಡಗಿದರು.

"ಮೂರು," ಎಂಬ ದನಿ ಹಿಂದಿನಿಂದ ಕೇಳಿತು. ಮತ್ತೆ, ಇನ್ನೂ ಗಟ್ಟಿಯಾಗಿ, "ಮೂರು ಕಣೇ. ಮೂರು ಬೆರಳು."